ಆಡಿಟರ್ ಆಫೀಸ್ ಕೆಲಸದ ಜೊತೆಗೆ ಫ್ರೀಲ್ಯಾನ್ಸ್: ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ?

ಬೆಣ್ಣೆದೋಸೆ_ಬಿಕಾಂ · ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಇಲ್ಲೇ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕಿದ್ದೇನೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಚೆನ್ನಾಗಿ ಬರುತ್ತದೆ. ಎಕ್ಸೆಲ್‌ನಲ್ಲಿ ವಿ-ಲುಕಪ್ (ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕುವುದು), ಪಿವಟ್ (ಗುಂಪು ಮಾಡಿ ಮೊತ್ತ ತೆಗೆಯುವುದು) ದಿನಾ ಮಾಡುತ್ತೇನೆ. ರೆಕಾರ್ಡ್ ಮಾಡಿದ ಮ್ಯಾಕ್ರೋ ಒಳಗೆ ಕೈ ಹಾಕಿ ಸಣ್ಣಪುಟ್ಟ ಬದಲಾವಣೆ ಮಾಡಿದ್ದೂ ಇದೆ. ಸಂಜೆ ಎರಡು ಗಂಟೆ, ಭಾನುವಾರ ಪೂರ್ತಿ ಸಿಗುತ್ತದೆ. ಜುಲೈನಲ್ಲಿ ರಿಟರ್ನ್, ಸೆಪ್ಟೆಂಬರ್‌ನಲ್ಲಿ ಟ್ಯಾಕ್ಸ್ ಆಡಿಟ್, ಆಗ ಅದೂ ಇಲ್ಲ.

ಸಂಬಳದ ಮೇಲೆ ತಿಂಗಳಿಗೆ ಒಂದು ಹದಿನೈದು ಸಾವಿರ ಬಂದರೆ ಸಾಕು. ಕೆಲಸ ಬಿಡುವ ಯೋಚನೆ ಇಲ್ಲ. ಯೂಟ್ಯೂಬ್ ತೆಗೆದರೆ ಪೈಥಾನ್ ಅಂತಾರೆ. ಬೆಂಗಳೂರಲ್ಲಿರುವ ಚಿಕ್ಕಪ್ಪನ ಮಗ ಜಾವಾ ಕಲಿ ಅಂತಾನೆ. ಇಲ್ಲಿನ ಒಂದು ಟ್ರೇನಿಂಗ್ ಸೆಂಟರ್‌ನವರು ‘ಫುಲ್ ಸ್ಟ್ಯಾಕ್’ ಅಂತ ಹೇಳಿ 60 ಸಾವಿರ ಕೇಳಿದರು. ಒಂದೇ ಒಂದು ಭಾಷೆ ಹೇಳಿ, ಅದನ್ನೇ ಹಿಡಿಯುತ್ತೇನೆ. ಲ್ಯಾಪ್‌ಟಾಪ್ 8 ಜಿಬಿ, ಹಳೆಯದು.

ಹಳೇ_ಪಿಎಚ್‌ಪಿ · ಮೈಸೂರು

ಮೊದಲು ಆ 60 ಸಾವಿರ ಜೇಬಲ್ಲೇ ಇರಲಿ. ಫ್ರೀಕೋಡ್‌ಕ್ಯಾಂಪ್, ಹಾರ್ವರ್ಡ್‌ನ ಸಿಎಸ್50, ಎನ್‌ಪಿಟಿಇಎಲ್ ಪಾಠಗಳು ಎಲ್ಲಾ ಪುಕ್ಕಟೆ ಸಿಗುತ್ತವೆ.

ಜಾವಾ ಬಗ್ಗೆ ನನಗೇನೂ ತಕರಾರಿಲ್ಲ, ನಿಮ್ಮ ತಮ್ಮನಿಗೆ ಅದೇ ಅನ್ನ ಹಾಕುತ್ತಿರಬಹುದು. ಆದರೆ ಆ ಕೆಲಸ ಇರುವುದು ಬ್ಯಾಂಕು, ವಿಮೆ, ದೊಡ್ಡ ಕಂಪನಿಗಳಲ್ಲಿ. ಅವರು ಟೀಮ್ ಇಟ್ಟುಕೊಂಡವರಿಗೆ ಕಾಂಟ್ರ್ಯಾಕ್ಟ್ ಕೊಡುತ್ತಾರೆ. ಸಂಜೆ ಎರಡು ಗಂಟೆ ಬಿಡುವಿರುವ ಒಬ್ಬರನ್ನು ಕರೆದು ಕೊಡುವುದಿಲ್ಲ. ನಿಮಗೆ ಬೇಕಾದದ್ದು ಒಬ್ಬ ಮಾಲೀಕ ತನ್ನ ಜೇಬಿಂದ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಸಣ್ಣ ಕೆಲಸ.

ಅದಕ್ಕೇ ನನ್ನ ಓಟು ಪಿಎಚ್‌ಪಿಗೆ. ನಗಬೇಡಿ. ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್ ಮೇಲೆ ನಿಂತಿವೆ, ವರ್ಡ್‌ಪ್ರೆಸ್ ನಿಂತಿರುವುದು ಪಿಎಚ್‌ಪಿ ಮೇಲೆ. ಇವುಗಳಲ್ಲಿ ಎಷ್ಟೋ ಸೈಟುಗಳನ್ನು ಯಾರೋ ಮಾಡಿಕೊಟ್ಟು ಹೋಗಿರುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ಪಿಎಚ್‌ಪಿ 7.4ಗೆ 2022ರ ನವೆಂಬರ್‌ನಲ್ಲೇ ಸಪೋರ್ಟ್ ನಿಂತಿತು. ಹೋಸ್ಟಿಂಗ್‌ನವರು ಒಬ್ಬೊಬ್ಬರಾಗಿ 8ಕ್ಕೆ ಏರಿಸುತ್ತಾ ಬಂದರು. ಹಳೇ ಥೀಮು, ಹಳೇ ಪ್ಲಗಿನ್ ಅಲ್ಲಿ ಕೆಟ್ಟು ನಿಲ್ಲುತ್ತವೆ.

ಮೊನ್ನೆ ಬಂದ ಒಂದು ಕೆಲಸ ಹೇಳುತ್ತೇನೆ. ಕೊಡಗಿನ ಒಂದು ಹೋಂಸ್ಟೇ ಸೈಟು. ರಾತ್ರಿ ಸರಿಯಿತ್ತು, ಬೆಳಗ್ಗೆ ಬರೀ ಬಿಳಿ ಸ್ಕ್ರೀನ್. ಡಿಬಗ್ ಲಾಗ್ ಆನ್ ಮಾಡಿ ನೋಡಿದರೆ ಥೀಮಿನಲ್ಲಿ ‘ಕ್ರಿಯೇಟ್ ಫಂಕ್ಷನ್’ ಅಂತ ಇದೆ. ಪಿಎಚ್‌ಪಿ 8ರಲ್ಲಿ ಅದನ್ನು ಕಿತ್ತುಹಾಕಿದ್ದಾರೆ. ಅದರ ಜಾಗಕ್ಕೆ ಹೊಸ ರೀತಿಯ ಫಂಕ್ಷನ್ ಬರೆದೆ. ಇನ್ನೆರಡು ಕಡೆ ‘ಈಚ್’ ಇತ್ತು, ಅದಕ್ಕೂ 8ರಲ್ಲಿ ಜಾಗವಿಲ್ಲ, ತೆಗೆದು ‘ಫೋರ್‌ಈಚ್’ ಹಾಕಿದೆ. ಬುಕಿಂಗ್ ಫಾರಂ ಒಂದು ಸಲ ತುಂಬಿ ನೋಡಿ ಕೊಟ್ಟೆ. ಮೂರು ಸಾವಿರ ರೂಪಾಯಿ, ಅವತ್ತೇ ಯುಪಿಐನಲ್ಲಿ ಬಂತು. ಇಂಥವು ತಿಂಗಳಿಗೆ ಐದು ಬಂದರೆ ನಿಮ್ಮ ಲೆಕ್ಕ ಮುಗಿಯಿತಲ್ವಾ?

ಕುಡ್ಲ_ಡೆವ್ · ಮಂಗಳೂರು

ಹಳೇ ಸರ್, ಆ ಐದು ಎಲ್ಲಿಂದ ಬರಬೇಕು ಮಾರಾಯ್ರೆ? ನಿಮಗೆ ಹಳೇ ಕ್ಲೈಂಟ್‌ಗಳಿದ್ದಾರೆ, ಫೋನ್ ಬರುತ್ತದೆ. ಹೊಸಬರಿಗೆ ವರ್ಡ್‌ಪ್ರೆಸ್ ಅಂದರೆ ಸಂತೆ. ‘5 ಸಾವಿರಕ್ಕೆ ಪೂರ್ತಿ ಸೈಟ್, ಡೊಮೈನ್ ಫ್ರೀ’ ಅಂತ ಇನ್‌ಸ್ಟಾಗ್ರಾಮ್ ತುಂಬ ಜಾಹೀರಾತು ಉಂಟು. ಅದರಲ್ಲಿ ಅರ್ಧ ಜನಕ್ಕೆ ಪಿಎಚ್‌ಪಿಯ ಒಂದು ಲೈನ್ ಬರುವುದಿಲ್ಲ, ಎಲಿಮೆಂಟರ್ ಅನ್ನುವ ಪ್ಲಗಿನ್‌ನಲ್ಲಿ ಮೌಸ್‌ನಿಂದ ಎಳೆದು ಜೋಡಿಸಿ ಬಿಡುತ್ತಾರೆ ಅಷ್ಟೆ. ಅವರ ರೇಟಿಗೆ ಇವರು ಇಳಿಯಲಿಕ್ಕೆ ಆಗುವುದಿಲ್ಲ.

ನನ್ನ ಓಟು ಜಾವಾಸ್ಕ್ರಿಪ್ಟ್‌ಗೆ. 1995ರಲ್ಲಿ ಬ್ರೌಸರ್ ಒಳಗೆ ಮಾತ್ರ ಇದ್ದ ಭಾಷೆ, 2009ರಲ್ಲಿ ನೋಡ್ ಬಂದ ಮೇಲೆ ಸರ್ವರ್‌ಗೂ ಹೋಯಿತು. ಇವತ್ತು ಸೈಟು, ಮೊಬೈಲ್ ಆಪ್, ಬ್ರೌಸರ್ ಎಕ್ಸ್‌ಟೆನ್ಷನ್, ಗೂಗಲ್ ಶೀಟ್ಸ್ ಒಳಗಿನ ಆಪ್ಸ್ ಸ್ಕ್ರಿಪ್ಟ್, ಎಲ್ಲದಕ್ಕೂ ಅದೇ. ಪಿಎಚ್‌ಪಿ ಕಲಿತರೂ ಜಾವಾಸ್ಕ್ರಿಪ್ಟ್ ಕಲಿಯದೆ ಬಿಡುಗಡೆ ಇಲ್ಲ. ಹಾಗಿರುವಾಗ ಒಂದನ್ನೇ ಕಲಿಯಿರಿ ಅಂತ ನಾನು ಹೇಳುವುದು. ಇನ್‌ಸ್ಟಾಲ್ ಮಾಡಲಿಕ್ಕೂ ಏನಿಲ್ಲ, ಕ್ರೋಮ್‌ನಲ್ಲಿ ಎಫ್12 ಒತ್ತಿದರೆ ಶುರು.

ಜಾವಾಸ್ಕ್ರಿಪ್ಟ್‌ನದೇ ಒಂದು ಲೈಬ್ರರಿ ರಿಯಾಕ್ಟ್, ಅದಕ್ಕೆ ಮಾತ್ರ ಈಗಲೇ ಹೋಗಬೇಡಿ. ಅಲ್ಲಿ ಕೆಲಸ ಉಂಟು, ಆದರೆ ಕೆಲಸ ಹೋದ ಇಂಜಿನಿಯರ್‌ಗಳೂ ಸಾಲಲ್ಲಿ ನಿಂತಿದ್ದಾರೆ.

ಅಡಿಕೆ_ಆಪ್ · ಶಿವಮೊಗ್ಗ

ಯಾರಾದರೂ ಬಂದು ಆಪ್ ಮಾಡಿ, ಫ್ಲಟರ್ ಕಲಿಯಿರಿ ಅನ್ನುವ ಮುಂಚೆ ನಾನೇ ಹೇಳಿಬಿಡುತ್ತೇನೆ, ಬೇಡ. ನಾನು ಅದೇ ಮಾಡುವವನು.

ಫ್ಲಟರ್ ಚೆನ್ನಾಗಿದೆ, ಒಂದೇ ಕೋಡ್‌ನಲ್ಲಿ ಆಂಡ್ರಾಯ್ಡ್, ಐಫೋನ್ ಎರಡೂ ಆಗುತ್ತದೆ. ಕೋಡ್ ಮುಗಿದ ಮೇಲೆ ಶುರುವಾಗುತ್ತದೆ ನೋಡಿ. ಪ್ಲೇ ಸ್ಟೋರ್ ಅಕೌಂಟ್‌ಗೆ 25 ಡಾಲರ್, ಒಂದು ಸಲ. ಆಪಲ್‌ಗೆ ವರ್ಷಕ್ಕೆ 99. 2023ರ ನವೆಂಬರ್ ನಂತರ ತೆರೆದ ಪ್ಲೇ ಸ್ಟೋರ್ ಪರ್ಸನಲ್ ಅಕೌಂಟ್ ಆದರೆ, ಆಪ್ ಬಿಡುಗಡೆಗೆ ಮುಂಚೆ 12 ಜನ ಟೆಸ್ಟರ್‌ಗಳು 14 ದಿನ ಬಿಡದೆ ಆಪ್ ಇಟ್ಟುಕೊಂಡಿರಬೇಕು. ಮೊದಲು 20 ಜನ ಕೇಳುತ್ತಿದ್ದರು. ಆಪ್ ಮಾಡಿಸುವ ಕೋಚಿಂಗ್ ಸೆಂಟರ್ ಸರ್‌ಗೆ ಇದನ್ನೆಲ್ಲ ವಿವರಿಸಿ, ಅವರ ನೆಂಟರ ಜಿಮೇಲ್ ಐಡಿ ಒಟ್ಟು ಮಾಡುವಷ್ಟರಲ್ಲಿ ಸಾಕಾಗುತ್ತದೆ. ವರ್ಷಾ ವರ್ಷಾ ಟಾರ್ಗೆಟ್ ಎಪಿಐ (ಆಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಅನ್ನುವುದು) ಏರಿಸಿ ಅಂತ ಗೂಗಲ್ ನೋಟಿಸ್ ಬೇರೆ. ಕ್ಲೈಂಟ್ ತಲೆಯಲ್ಲಿ ಆಪ್ ಅಂದರೆ ಒಂದು ಸಲ ದುಡ್ಡು ಕೊಟ್ಟು ಮುಗಿಸುವ ವಸ್ತು. ವರ್ಷದ ಮೇಂಟೆನೆನ್ಸ್ ಮೊದಲೇ ಬರೆಸಿಕೊಳ್ಳದೆ ನಾನು ಈಗ ಕೆಲಸ ಮುಟ್ಟುವುದಿಲ್ಲ. ಸಂಜೆ ಎರಡು ಗಂಟೆಯವರಿಗೆ ಇದು ಆಗದ ಮಾತು.

ಮ್ಯೂನಿಕ್_ಮಂಜ · ಜರ್ಮನಿ, ಊರು ಅರಸೀಕೆರೆ

ನಾನು ಕೆಲಸ ಕೊಡುವ ಕಡೆ ಕೂತವನು. ನಮ್ಮದು ಸಣ್ಣ ಕಂಪನಿ. ಆಗಾಗ ಅಪ್‌ವರ್ಕ್ ಅನ್ನುವ ಫ್ರೀಲ್ಯಾನ್ಸ್ ಸೈಟಿನಲ್ಲಿ ಜನ ಹುಡುಕುತ್ತೇನೆ. ನೀವೆಲ್ಲ ಭಾಷೆಗೆ ಓಟು ಹಾಕುತ್ತಿದ್ದೀರಿ, ಸರಿ. ಆದರೆ ಈ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳಬೇಕು ಅನ್ನಿಸಿತು.

ಒಂದು ಕೆಲಸ ಹಾಕಿದರೆ ಗಂಟೆಯೊಳಗೆ ರಾಶಿ ಪ್ರಪೋಸಲ್. ಲಿಸ್ಟಿನಲ್ಲಿ ನನಗೆ ಕಾಣುವುದು ಮೊದಲ ಎರಡು ಸಾಲು ಮಾತ್ರ. ಈಗ ಹೆಚ್ಚಿನವು ಚಾಟ್‌ಜಿಪಿಟಿ ಬರೆದವು, ಎಲ್ಲಾ ಒಂದೇ ಥರ: ನಿಮ್ಮ ಪ್ರಾಜೆಕ್ಟ್ ಓದಿ ತುಂಬಾ ಖುಷಿಯಾಯಿತು, ನನಗೆ ಇಷ್ಟು ವರ್ಷ ಅನುಭವ. ಹೋದ ಸಲ ನಾನು ತೆಗೆದುಕೊಂಡವರ ಮೊದಲ ಸಾಲು ಹೀಗಿತ್ತು: ‘ನಿಮ್ಮ ಸ್ಯಾಂಪಲ್ ಫೈಲ್‌ನಲ್ಲಿ ದಶಮಾಂಶಕ್ಕೆ ಕಾಮಾ ಇದೆ, ಚುಕ್ಕೆ ಅಲ್ಲ. ಅದಕ್ಕೇ ಟೋಟಲ್ ತಪ್ಪು ಬರುತ್ತಿದೆ.’ ಅಷ್ಟೆ. ಅವರು ಯಾವ ಭಾಷೆಯಲ್ಲಿ ಬರೆಯುತ್ತಾರೆ ಅಂತ ನಾನು ಕೇಳಲೇ ಇಲ್ಲ.

ಇನ್ನೊಂದು. ಅಲ್ಲಿ ಪ್ರಪೋಸಲ್ ಹಾಕಲು ಕನೆಕ್ಟ್ಸ್ ಅನ್ನುವ ಟೋಕನ್ ಬೇಕು, ಒಂದಕ್ಕೆ 15 ಸೆಂಟ್. ಒಂದು ಕೆಲಸಕ್ಕೆ ಹಲವಾರು ಕನೆಕ್ಟ್ಸ್ ಕೇಳುತ್ತದೆ. ಫೈವರ್ ಅನ್ನುವ ಇನ್ನೊಂದು ಸೈಟಿನಲ್ಲಿ ಪ್ರಪೋಸಲ್ ಗೋಜಿಲ್ಲ, ಆದರೆ ದುಡಿದದ್ದರಲ್ಲಿ ನೂರಕ್ಕೆ 20 ಅವರದು. ಹೊಸಬರು ಮೊದಲ ಕೆಲಸ ಇಲ್ಲಿ ಹುಡುಕುವುದಕ್ಕಿಂತ ಗುರುತಿನವರ ಹತ್ತಿರ ಹುಡುಕುವುದು ವಾಸಿ.

ಲೆಕ್ಕದ_ಲಕ್ಷ್ಮಿ · ಹುಬ್ಬಳ್ಳಿ

ಇಷ್ಟೆಲ್ಲ ಓದಿ ನನಗೆ ಒಂದೇ ಆಶ್ಚರ್ಯ. ಆಡಿಟರ್ ಆಫೀಸಲ್ಲಿ ಕೂತವರಿಗೆ ಎಲ್ಲರೂ ವೆಬ್‌ಸೈಟ್ ಮಾಡಿ ಅಂತಿದ್ದೀರಲ್ರೀ!

ನಾನೂ ಅಕೌಂಟ್ಸ್ ಕಡೆಯಿಂದಲೇ ಬಂದವಳು. ನನ್ನ ಓಟು ಪೈಥಾನ್‌ಗೆ, ಆದರೆ ಯೂಟ್ಯೂಬ್‌ನವರು ಹೇಳುವ ಕಾರಣಕ್ಕಲ್ಲ. ಎಐ, ಡೇಟಾ ಸೈನ್ಸ್ ಎಲ್ಲ ಪಕ್ಕಕ್ಕಿಡಿ. ನಮಗೆ ಬೇಕಾದ್ದು ಎಕ್ಸೆಲ್ ಓದುವುದು, ಹೊಂದಿಸುವುದು, ತಿರುಗಿ ಎಕ್ಸೆಲ್ ಬರೆಯುವುದು. ಪಾಂಡಾಸ್ ಅಂತ ಒಂದು ಲೈಬ್ರರಿ ಇದೆ. ಪಿವಟ್, ವಿ-ಲುಕಪ್ ದಿನಾ ಮಾಡುವವರಿಗೆ ಅದು ತಲೆಗೆ ಬೇಗ ಹತ್ತುತ್ತದೆ.

ದುಡ್ಡು ಎಲ್ಲಿದೆ ಅಂದರೆ 14ಕ್ಕೂ 20ಕ್ಕೂ ನಡುವೆ. ಬೆಣ್ಣೆದೋಸೆ ಅವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತದೆ. ಅಂದರೆ ನಿಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 20ರೊಳಗೆ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಹಾಕಬೇಕು. 2022ರ ಜನವರಿಯಿಂದ 2ಬಿಯಲ್ಲಿ ಇಲ್ಲದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಇಲ್ಲ. ಹಾಗಾಗಿ ಆ ಆರು ದಿನದಲ್ಲಿ ನಮ್ಮ ಖರೀದಿ ರಿಜಿಸ್ಟರನ್ನೂ 2ಬಿಯನ್ನೂ ಬಿಲ್ಲು ಬಿಲ್ಲಿಗೆ ತಾಳೆ ನೋಡಬೇಕು. ಸಾವಿರಾರು ಬಿಲ್ಲಿರುವ ಹೋಲ್‌ಸೇಲ್ ಔಷಧಿ ಅಂಗಡಿಯವರು, ಹಾರ್ಡ್‌ವೇರ್ ಅಂಗಡಿಯವರು ಆಗ ರಾತ್ರಿ ಹತ್ತಾದರೂ ಷಟರ್ ಹಾಕಿ ಒಳಗೆ ಕೂತಿರುತ್ತಾರೆ.

ವಿ-ಲುಕಪ್ ಯಾಕೆ ಸಾಲುವುದಿಲ್ಲ? ಮಾಲು ಕೊಟ್ಟವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ‘ಕೆಟಿ/24-25/0045’ ಅಂತ ಹಾಕಿರುತ್ತಾರೆ, ನಮ್ಮ ಹುಡುಗ ರಿಜಿಸ್ಟರ್‌ನಲ್ಲಿ ಬರೀ ‘45’ ಹೊಡೆದಿರುತ್ತಾನೆ. ಒಂದು ಕಡೆ 11,800 ಇದ್ದರೆ ಇನ್ನೊಂದು ಕಡೆ 11,799.60. ಜಿಎಸ್‌ಟಿ ನಂಬರ್ ಹಿಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್. ನನ್ನ ಸ್ಕ್ರಿಪ್ಟ್ ಮೊದಲು ಎರಡೂ ಕಡೆ ಇವನ್ನು ತೊಳೆಯುತ್ತದೆ. ಆಮೇಲೆ ಪೂರ್ತಿ ಹೊಂದುವವನ್ನು ಎತ್ತಿ ಬದಿಗಿಡುತ್ತದೆ. ಉಳಿದವುಗಳಲ್ಲಿ ಜಿಎಸ್‌ಟಿ ನಂಬರ್ ಒಂದೇ ಇದ್ದು, ಬಿಲ್ ನಂಬರಿನ ಕೊನೆಯ ಅಂಕಿಗಳು ಒಂದೇ ಇದ್ದು, ಮೊತ್ತದಲ್ಲಿ ಒಂದು ರೂಪಾಯಿಯೊಳಗೆ ವ್ಯತ್ಯಾಸ ಇದ್ದರೆ ‘ನೋಡಿ’ ಅಂತ ಬೇರೆ ಶೀಟಿಗೆ ಹಾಕುತ್ತದೆ. ತೀರ್ಮಾನ ಅಕೌಂಟೆಂಟದ್ದು. ಯಾವುದಕ್ಕೂ ಹೊಂದದವು ಮೂರನೇ ಶೀಟು, ಅದನ್ನು ಹಿಡಿದುಕೊಂಡು ಅವರು ಮಾಲು ಕೊಟ್ಟ ಪಾರ್ಟಿಗೆ ಫೋನ್ ಮಾಡುತ್ತಾರೆ.

ಇದಕ್ಕೆ ಬೇಕಾದ ಪೈಥಾನ್ ಜಾಸ್ತಿ ಏನಿಲ್ಲ. ಆದರೆ ಯಾವ ವ್ಯತ್ಯಾಸ ಬಿಟ್ಟರೆ ನಡೆಯುತ್ತದೆ, ಯಾವುದು ಬಿಟ್ಟರೆ ನೋಟಿಸ್ ಬರುತ್ತದೆ ಅಂತ ಬೆಂಗಳೂರಿನ ಇಂಜಿನಿಯರ್‌ಗೆ ಗೊತ್ತಿರುವುದಿಲ್ಲ.

ಸುಮ್ನೆ_ಕೇಳ್ದೆ

ಮೇಡಂ, ಟ್ಯಾಲಿಪ್ರೈಮ್‌ನಲ್ಲೇ ಈಗ 2ಬಿ ತಾಳೆ ನೋಡುವ ಸೌಲಭ್ಯ ಇದೆ. ಎಕ್ಸೆಲ್ ಇಂಪೋರ್ಟ್ ಕೂಡ ಬಂದಿದೆ. ಅದೂ ಬೇಡ ಅಂದರೆ ಚಾಟ್‌ಜಿಪಿಟಿಗೆ ಎರಡು ಫೈಲ್ ಕೊಟ್ಟರೆ ಸ್ಕ್ರಿಪ್ಟ್ ಅದೇ ಬರೆದು ಕೊಡುತ್ತದೆ. ಇವರು ಕಲಿಯುವಷ್ಟರಲ್ಲಿ ಈ ಕೆಲಸವೇ ಇರುತ್ತದಾ? ಸುಮ್ನೆ ಕೇಳಿದೆ.

ಲೆಕ್ಕದ_ಲಕ್ಷ್ಮಿ · ಹುಬ್ಬಳ್ಳಿ

ಕೇಳಿದ್ದು ಒಳ್ಳೇದಾಯಿತು. ಖರೀದಿ ಪೂರ್ತಿ ಟ್ಯಾಲಿಯಲ್ಲಿ ಸರಿಯಾಗಿ ಹತ್ತಿದ್ದರೆ ನನ್ನ ಅಗತ್ಯ ಇಲ್ಲ, ಅಂಥವರಿಗೆ ನಾನೇ ಅದನ್ನು ತೋರಿಸಿ ಕಳಿಸುತ್ತೇನೆ. ನನ್ನ ಹತ್ತಿರ ಬರುವವರು ಬೇರೆ. ಬಿಲ್ಲಿಂಗ್ ಒಂದು ಸಾಫ್ಟ್‌ವೇರ್, ಗೋಡೌನ್‌ನಲ್ಲಿ ಎಕ್ಸೆಲ್, ಬ್ರ್ಯಾಂಚ್‌ನಲ್ಲಿ ಇನ್ನೊಂದು. ಮೂರೂ ಕಡೆಯ ಕಾಲಂ ಹೆಸರು ಬೇರೆ ಬೇರೆ.

ಚಾಟ್‌ಜಿಪಿಟಿ ನಾನೂ ಬಳಸುತ್ತೇನೆ, ಯಾಕೆ ಬಳಸಬಾರದು? ಆದರೆ ಒಂದು ನೋಡಿ. ಬಿಲ್ ನಂಬರ್ ‘1-24’ ಅಂತ ಇತ್ತು. ಎಕ್ಸೆಲ್ ಅದನ್ನು ಜನವರಿ 24 ಅಂತ ತಾರೀಕು ಮಾಡಿಟ್ಟಿತ್ತು. ಫೈಲ್ ಒಳಗೇ ತಾರೀಕಾಗಿ ಉಳಿದಿರುವುದರಿಂದ ಪೈಥಾನ್‌ನಲ್ಲಿ ಟೆಕ್ಸ್ಟ್ ಅಂತ ಓದಿದರೂ ‘1-24’ ವಾಪಸ್ ಬರುವುದಿಲ್ಲ. ಎಐ ಬರೆದ ಸ್ಕ್ರಿಪ್ಟ್ ಯಾವ ಎರರ್ ಕೊಡದೆ ಓಡಿತು, ಆ ಬಿಲ್ಲುಗಳೆಲ್ಲ ‘ಹೊಂದಿಲ್ಲ’ ಶೀಟಿಗೆ ಹೋಗಿ ಬಿದ್ದವು. ಬಿಲ್ ಪುಸ್ತಕ ಕಣ್ಣಾರೆ ನೋಡಿದವರಿಗೆ ಮಾತ್ರ ಇದು ಕೂಡಲೇ ಹೊಳೆಯುತ್ತದೆ. ಈಗ ನಾನು ಕ್ಲೈಂಟ್‌ಗೆ ಮೊದಲೇ ಹೇಳುತ್ತೇನೆ: ಸಾಫ್ಟ್‌ವೇರ್‌ನಿಂದ ಬಂದ ಫೈಲನ್ನು ಎಕ್ಸೆಲ್‌ನಲ್ಲಿ ತೆಗೆದು ಸೇವ್ ಮಾಡದೆ, ಹಾಗೇ ಕಳಿಸಿ.

ಬೆಣ್ಣೆದೋಸೆ_ಬಿಕಾಂ · ದಾವಣಗೆರೆ

ಲಕ್ಷ್ಮಿ ಅಕ್ಕಾ, ನಮ್ಮ ಆಫೀಸಲ್ಲಿ ಪ್ರತಿ ತಿಂಗಳು ಇದೇ ಗೋಳು. 15ರಿಂದ 20ರವರೆಗೆ ಮನೆಗೆ ಹೋಗುವುದು ಹನ್ನೊಂದಕ್ಕೆ. ಇದನ್ನೇ ಕೆಲಸ ಮಾಡಿಕೊಳ್ಳಬಹುದು ಅಂತ ತಲೆಗೇ ಹೊಳೆದಿರಲಿಲ್ಲ.

ಎರಡು ಪ್ರಶ್ನೆ. ಸ್ಕ್ರಿಪ್ಟ್ ಬರೆದು ಕ್ಲೈಂಟ್‌ಗೆ ಹೇಗೆ ಕೊಡುತ್ತೀರಿ? ಅವರ ಕಂಪ್ಯೂಟರಲ್ಲಿ ಪೈಥಾನ್ ಇರುವುದಿಲ್ಲವಲ್ಲ. ಇನ್ನೊಂದು, ನಮ್ಮ ಆಡಿಟರ್ ಕ್ಲೈಂಟ್‌ಗಳನ್ನೇ ಕೇಳಿದರೆ ತಪ್ಪಾಗುತ್ತದಾ?

ಕುಡ್ಲ_ಡೆವ್ · ಮಂಗಳೂರು

ಮೊದಲ ಪ್ರಶ್ನೆ ನನಗೆ ಬಿಡಿ, ಪೈಥಾನ್‌ನವರು ಇಲ್ಲೇ ಸಿಕ್ಕಿಬೀಳುವುದು. ಸ್ಕ್ರಿಪ್ಟನ್ನು ಎಕ್ಸ್‌ಇ (ನೇರ ಓಡುವ ಫೈಲ್) ಮಾಡಿ ಕೊಟ್ಟರೆ ವಿಂಡೋಸ್ ಡಿಫೆಂಡರ್ ಎಷ್ಟೋ ಸಲ ವೈರಸ್ ಅಂತ ಹಿಡಿಯುತ್ತದೆ. ಕ್ಲೈಂಟ್‌ಗೆ ಹೆದರಿಕೆ. ನೀವು ಫೋನ್‌ನಲ್ಲಿ ‘ಮೋರ್ ಇನ್ಫೋ ಒತ್ತಿ, ರನ್ ಎನಿವೇ ಒತ್ತಿ’ ಅಂತ ಹೇಳುತ್ತಾ ಕೂರಬೇಕು.

ಆಪ್ಸ್ ಸ್ಕ್ರಿಪ್ಟ್ ಆದರೆ ಗೂಗಲ್ ಶೀಟ್ ಲಿಂಕ್ ಕಳಿಸಿದರೆ ಮುಗಿಯಿತು. ಮೆನುವಿನಲ್ಲಿ ‘ತಾಳೆ ನೋಡು’ ಅಂತ ಕನ್ನಡದಲ್ಲೇ ಒಂದು ಬಟನ್ ಇಡಬಹುದು. ಬಾಕಿ ಇರುವವರಿಗೆ ತಾನೇ ಮೇಲ್ ಕಳಿಸುವ ಹಾಗೆ ಮಾಡಬಹುದು. ಮಿತಿ ಉಂಟು, ಸುಳ್ಳು ಹೇಳುವುದಿಲ್ಲ. ಒಂದು ಸಲಕ್ಕೆ 6 ನಿಮಿಷಕ್ಕಿಂತ ಜಾಸ್ತಿ ಓಡುವುದಿಲ್ಲ, ಮಾಮೂಲಿ ಜಿಮೇಲ್‌ನಿಂದ ದಿನಕ್ಕೆ 100 ಜನಕ್ಕೆ ಮಾತ್ರ ಮೇಲ್ ಹೋಗುತ್ತದೆ. ಒಂದೊಂದು ಸೆಲ್ ಓದಿ ಬರೆಯುವ ಹಾಗೆ ಕೋಡ್ ಬರೆದರೆ 6 ನಿಮಿಷ ಎಲ್ಲಿಗೂ ಸಾಲುವುದಿಲ್ಲ. ಪೂರ್ತಿ ಶೀಟನ್ನು ಒಂದೇ ಸಲ ಮೇಲೆತ್ತಿ, ಕೆಲಸ ಮುಗಿಸಿ, ಒಂದೇ ಸಲ ಕೆಳಗಿಳಿಸಬೇಕು. ಹಾಗೆ ಮಾಡಿದರೆ ಸಣ್ಣ ವ್ಯಾಪಾರಿಗೆ ಧಾರಾಳ ಸಾಕು.

ಲೆಕ್ಕದ_ಲಕ್ಷ್ಮಿ · ಹುಬ್ಬಳ್ಳಿ

ಕುಡ್ಲದವರು ಹೇಳಿದ್ದು ಖರೇ. ನಾನು ಸ್ಕ್ರಿಪ್ಟ್ ಕೊಡುವುದೇ ಇಲ್ಲ. ಅವರು ಫೈಲ್ ಕಳಿಸುತ್ತಾರೆ, ನಾನು ನನ್ನ ಮಷಿನ್‌ನಲ್ಲಿ ಓಡಿಸಿ ಮೂರು ಶೀಟಿನ ಎಕ್ಸೆಲ್ ವಾಪಸ್ ಕಳಿಸುತ್ತೇನೆ. ತಿಂಗಳಿಗೆ ಇಷ್ಟು ಅಂತ ಮಾತು. ಬಿಲ್ಲುಗಳ ಸಂಖ್ಯೆ ನೋಡಿ ಒಬ್ಬರಿಗೆ ಎರಡರಿಂದ ನಾಲ್ಕು ಸಾವಿರ. ಐದಾರು ಜನ ಖಾಯಂ ಸಿಕ್ಕರೆ ಹೊಸ ಕೆಲಸ ಹುಡುಕುವ ತಾಪತ್ರಯ ಇಲ್ಲ. ಕೋಡ್ ಮಾರಿದರೆ ಒಂದು ಸಲ ದುಡ್ಡು, ಫೋನ್ ಮಾತ್ರ ಜನ್ಮವಿಡೀ ಬರುತ್ತದೆ.

ಎರಡನೇ ಪ್ರಶ್ನೆ. ಹೌದು, ತಪ್ಪಾಗುತ್ತದೆ. ಆಫೀಸಿನ ಕ್ಲೈಂಟ್‌ಗಳನ್ನು ಬೆನ್ನ ಹಿಂದೆ ಮುಟ್ಟಬೇಡಿ. ದಾವಣಗೆರೆ ಅಷ್ಟೇನೂ ದೊಡ್ಡ ಊರಲ್ಲ, ವಾರದಲ್ಲಿ ನಿಮ್ಮ ಸರ್ ಕಿವಿಗೆ ಬೀಳುತ್ತದೆ. ಮೊದಲು ಆಫೀಸಿನದೇ ತಾಳೆ ಕೆಲಸ ಸ್ಕ್ರಿಪ್ಟ್‌ನಲ್ಲಿ ಮಾಡಿ ತೋರಿಸಿ. ಆಮೇಲೆ ಹೊರಗೆ ಮಾಡಿಕೊಳ್ಳುತ್ತೇನೆ ಸರ್ ಅಂತ ಬಾಯಿಬಿಟ್ಟು ಕೇಳಿ. ಬೇರೆ ಆಡಿಟರ್‌ಗಳ ಕೆಲಸ ಅವರೇ ತಂದುಕೊಟ್ಟರೂ ಕೊಡಬಹುದು. ಕ್ಲೈಂಟ್‌ಗಳ ಪೋರ್ಟಲ್ ಪಾಸ್‌ವರ್ಡ್, ಒಟಿಪಿ ಕೇಳಬೇಡಿ. 2ಬಿ ಫೈಲ್ ಡೌನ್‌ಲೋಡ್ ಮಾಡಿ ಕಳಿಸುವುದು ಅವರ ಕೆಲಸ.

ಹಳೇ_ಪಿಎಚ್‌ಪಿ · ಮೈಸೂರು

ಸರಿ, ಈ ಊಟದಲ್ಲಿ ನನ್ನ ಎಲೆ ಇಲ್ಲ ಅಂತ ಗೊತ್ತಾಯಿತು 😄 ಲೆಕ್ಕದವರೆಲ್ಲ ಸೇರಿದ್ದೀರಿ, ನನ್ನದೊಂದು ಕೇಳಿಬಿಡುತ್ತೇನೆ. ಈಚೆಗೆ ಆಸ್ಟ್ರೇಲಿಯಾದ ಒಂದು ಕ್ಲೈಂಟ್ ಸಿಕ್ಕಿದ್ದಾರೆ, ಡಾಲರ್‌ನಲ್ಲಿ ಬರುತ್ತಿದೆ. ಒಬ್ಬರು ಹೊರದೇಶದ ಬಿಲ್ಲಿಗೆ ಜಿಎಸ್‌ಟಿ ಕಡ್ಡಾಯ ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ. ಯಾವುದು ಸರಿ?

ಬೆಣ್ಣೆದೋಸೆ_ಬಿಕಾಂ · ದಾವಣಗೆರೆ

ಸರ್, ಇದು ನಾನು ಹೇಳುತ್ತೇನೆ. ಸರ್ವೀಸ್ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ಒಟ್ಟು ವಹಿವಾಟು ದಾಟುವವರೆಗೆ ರಿಜಿಸ್ಟ್ರೇಷನ್ ಬೇಕಿಲ್ಲ. ಹೊರರಾಜ್ಯ, ಹೊರದೇಶದ ಸರ್ವೀಸ್ ಆದರೂ ಅಷ್ಟೆ. ಹೊರರಾಜ್ಯಕ್ಕೆ ಕೊಟ್ಟರೆ ಕಡ್ಡಾಯ ಅನ್ನುವ ಹಳೇ ಮಾತು ಇನ್ನೂ ಓಡಾಡುತ್ತಿದೆ, 2017ರಲ್ಲೇ ಸರ್ವೀಸ್‌ಗೆ ಅದರಿಂದ ವಿನಾಯಿತಿ ಬಂತು. 20 ಲಕ್ಷಕ್ಕೆ ಊರಿನದೂ ಹೊರದೇಶದ್ದೂ ಎರಡೂ ಸೇರಿಸಿ ಲೆಕ್ಕ ಹಾಕಿ. ದಾಟಿದ ಮೇಲೆ ರಿಜಿಸ್ಟರ್ ಆಗಿ ಎಲ್‌ಯುಟಿ (ಎಕ್ಸ್‌ಪೋರ್ಟ್ ಮಾಡುವವರು ಕೊಡುವ ಮುಚ್ಚಳಿಕೆ) ಹಾಕಿದರೆ ಎಕ್ಸ್‌ಪೋರ್ಟ್ ಬಿಲ್ಲಿಗೆ ಟ್ಯಾಕ್ಸ್ ಇಲ್ಲದೆ ಬಿಲ್ ಮಾಡಬಹುದು. ಎಲ್‌ಯುಟಿ ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಹಾಕಬೇಕು, ಏಪ್ರಿಲ್‌ನಲ್ಲಿ ಎಷ್ಟೋ ಜನ ಮರೆಯುತ್ತಾರೆ.

ಬ್ಯಾಂಕಿನವರು ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತು ಅನ್ನುವ ನಂಬರ್) ಕೇಳಿದರೆ ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಪಿ0802. ಹಣ ಬಂದದ್ದಕ್ಕೆ ಎಫ್‌ಐಆರ್‌ಎ (ಹೊರದೇಶದ ಹಣ ಬಂದದ್ದಕ್ಕೆ ಬ್ಯಾಂಕಿನ ಪತ್ರ) ತೆಗೆದಿಟ್ಟುಕೊಳ್ಳಿ.

ಇನ್ಕಮ್ ಟ್ಯಾಕ್ಸ್‌ಗೆ 44ಎಡಿಎ ಸೆಕ್ಷನ್ ನೋಡಿ. ಐಟಿ ವೃತ್ತಿಯೂ ಅದರಲ್ಲಿ ಬರುತ್ತದೆ. ಬಂದ ಹಣದಲ್ಲಿ ಅರ್ಧ ಲಾಭ ಅಂತ ತೋರಿಸಿದರೆ ಲೆಕ್ಕದ ಪುಸ್ತಕ ಇಡುವ ರಗಳೆ ಇಲ್ಲ. ಮಿತಿ 50 ಲಕ್ಷ, ನಗದು ನೂರಕ್ಕೆ 5ರೊಳಗೆ ಇದ್ದರೆ 75 ಲಕ್ಷ. ಅಡ್ವಾನ್ಸ್ ಟ್ಯಾಕ್ಸ್ ನಾಲ್ಕು ಕಂತು ಬೇಡ, ಪೂರ್ತಿ ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು. ಅಪ್‌ವರ್ಕ್, ಫೈವರ್ ಕಮಿಷನ್ ಹಿಡಿದು ಕಳಿಸಿದ್ದರೆ, ಹಿಡಿಯುವ ಮುಂಚಿನ ಮೊತ್ತವೇ ನಿಮ್ಮ ರಸೀದಿ. ಕೈಗೆ ಬಂದದ್ದನ್ನು ಮಾತ್ರ ಬರೆಯಬೇಡಿ. ಹೊಸ ಇನ್ಕಮ್ ಟ್ಯಾಕ್ಸ್ ಕಾಯ್ದೆ 2026ರ ಏಪ್ರಿಲ್ 1ರಿಂದ, ಅದರಲ್ಲಿ ಸೆಕ್ಷನ್ ನಂಬರ್ ಬೇರೆ. 44ಎಡಿಎ ಅಂತ ಹುಡುಕಿದರೆ ಅಲ್ಲಿ ಸಿಗುವುದಿಲ್ಲ.

ಮ್ಯೂನಿಕ್_ಮಂಜ · ಜರ್ಮನಿ, ಊರು ಅರಸೀಕೆರೆ

ಬೆಣ್ಣೆದೋಸೆ ಅವರೇ, ಯಾವ ಭಾಷೆ ಅಂತ ಕೇಳಲು ಬಂದವರು ಈಗ ಬರೆದದ್ದನ್ನು ಒಂದು ಸಲ ಓದಿ. ಇದನ್ನು ಹೀಗೇ ಬಿಡಿಸಿ ಹೇಳುವ ಪ್ರೋಗ್ರಾಮರ್ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಪೈಥಾನೋ ಆಪ್ಸ್ ಸ್ಕ್ರಿಪ್ಟೋ ನಾಣ್ಯ ಚಿಮ್ಮಿ ನೋಡಿ, ಶುರು ಮಾಡಿ.

ಕುಡ್ಲ_ಡೆವ್ · ಮಂಗಳೂರು

ನಾಣ್ಯ ಬೇಡ. ಫೈಲ್ ಅವರ ಹತ್ತಿರವೇ ಇರಬೇಕು, ದಿನಾ ನಾಲ್ಕು ಜನ ತೆಗೆದು ನೋಡಬೇಕು ಅಂದರೆ ಆಪ್ಸ್ ಸ್ಕ್ರಿಪ್ಟ್. ದೊಡ್ಡ ಫೈಲ್, ಪಿಡಿಎಫ್, ಟ್ಯಾಲಿ ಅಂದರೆ ಪೈಥಾನ್. ಇವರ ಕೆಲಸ ಎರಡನೇದು ಜಾಸ್ತಿ ಅನ್ನಿಸುತ್ತದೆ. ಈ ಒಂದು ಸಲಕ್ಕೆ ನನ್ನ ಓಟು ವಾಪಸ್ ತೆಗೆದುಕೊಂಡೆ.

ಬೆಣ್ಣೆದೋಸೆ_ಬಿಕಾಂ · ದಾವಣಗೆರೆ

ಎಲ್ಲರಿಗೂ ಮತ್ತೆ ನಮಸ್ಕಾರ. ಆಡಿಟ್ ಸೀಸನ್ ಮುಗಿಸಿ ಬಂದೆ. ನಮ್ಮ ಸರ್‌ಗೆ 2ಬಿ ತಾಳೆ ಮಾಡಿ ತೋರಿಸಿದೆ. ಅವರು ಒಂದು ಮಾತೂ ಆಡದೆ ಇನ್ನೊಂದು ಕೆಲಸ ಮುಂದಿಟ್ಟರು, ಬ್ಯಾಂಕ್ ಸ್ಟೇಟ್‌ಮೆಂಟ್ ಪಿಡಿಎಫ್‌ನಿಂದ ಟ್ಯಾಲಿಗೆ ಹತ್ತಿಸುವುದು. ಇದು ಆದರೆ ಅವರ ಸ್ನೇಹಿತರ ಆಫೀಸಿಗೂ ಮಾಡಿಕೊಡು ಅಂದಿದ್ದಾರೆ, ಅದರ ದುಡ್ಡು ನನಗೇ.

ಪಿಡಿಎಫ್ ಓದಲು ಪಿಡಿಎಫ್‌ಪ್ಲಂಬರ್ ಅನ್ನುವ ಪೈಥಾನ್ ಲೈಬ್ರರಿ ಬಳಸಿದೆ. ನರೇಷನ್ (ವ್ಯವಹಾರದ ವಿವರ) ಎರಡು ಮೂರು ಸಾಲಿಗೆ ಒಡೆದಿರುತ್ತದೆ. ಯಾವ ಸಾಲಿಗೆ ತಾರೀಕಿಲ್ಲವೋ ಅದನ್ನು ಮೇಲಿನ ಸಾಲಿಗೆ ಅಂಟಿಸಿದೆ. ಸರಿ ಬಂತೋ ಇಲ್ಲವೋ ನೋಡಲು, ಪ್ರತಿ ಸಾಲಿಗೂ ಹಿಂದಿನ ಬ್ಯಾಲೆನ್ಸ್‌ಗೆ ಜಮೆ ಕೂಡಿ ಖರ್ಚು ಕಳೆದು ಮುಂದಿನ ಬ್ಯಾಲೆನ್ಸ್ ಬರುತ್ತದಾ ಅಂತ ಚೆಕ್ ಹಾಕಿದ್ದೇನೆ. ಒಂದು ಪೈಸೆ ವ್ಯತ್ಯಾಸ ಬಂದರೂ ಅಲ್ಲೇ ನಿಲ್ಲುತ್ತದೆ. ಇಲ್ಲಿಯವರೆಗೆ ಚೆನ್ನಾಗಿ ಕೆಲಸ ಮಾಡುತ್ತಿದೆ.

ತೊಂದರೆ ಟ್ಯಾಲಿಯಲ್ಲಿ. ಎಕ್ಸ್‌ಎಂಎಲ್ ಫೈಲ್ ಮಾಡಿ ಟ್ಯಾಲಿಯ 9000 ಪೋರ್ಟ್‌ಗೆ ಕಳಿಸುತ್ತಿದ್ದೇನೆ. ಒಂದು ತಿಂಗಳ 118 ಎಂಟ್ರಿ ಕಳಿಸಿದರೆ 9 ಮಾತ್ರ ಒಳಗೆ ಹೋಗುತ್ತವೆ, ಉಳಿದವು ಎರರ್. ಎಲ್ಲಾ ಎಂಟ್ರಿಗೂ ನನ್ನ ಕೋಡ್ ಒಂದೇ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಮಾಡುತ್ತಿದ್ದೇನೆ, ಟ್ಯಾಲಿ ಲೈಸೆನ್ಸ್ ಇಲ್ಲ, ಕಲಿಯುವವರಿಗಿರುವ ಎಜುಕೇಷನಲ್ ಮೋಡ್. ಲೆಡ್ಜರ್ ಹೆಸರು, ತಾರೀಕಿನ ಫಾರ್ಮ್ಯಾಟ್ ಎಲ್ಲಾ ನೋಡಿದೆ. ಏನಿರಬಹುದು ಅಕ್ಕಾ?

ಲೆಕ್ಕದ_ಲಕ್ಷ್ಮಿ · ಹುಬ್ಬಳ್ಳಿ

ಒಳಗೆ ಹೋದ 9 ಯಾವ ತಾರೀಕಿನವು ನೋಡಿ. 1, 2 ಮತ್ತು 31 ಅಲ್ವಾ?

ಬೆಣ್ಣೆದೋಸೆ_ಬಿಕಾಂ · ದಾವಣಗೆರೆ

ಅಯ್ಯೋ, ಹೌದು! 1ನೇ ತಾರೀಕಿನವು 4, 2ನೇದು 3, 31ರದು 2. ಸರಿಯಾಗಿ 9.

ಲೆಕ್ಕದ_ಲಕ್ಷ್ಮಿ · ಹುಬ್ಬಳ್ಳಿ

ಎಜುಕೇಷನಲ್ ಮೋಡ್‌ನಲ್ಲಿ ಆ ತಾರೀಕುಗಳಿಗೆ ಮಾತ್ರ ವೋಚರ್ (ಎಂಟ್ರಿ) ಹಾಕಲು ಬಿಡುತ್ತದೆ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಮನೆಯಲ್ಲಿ ಟೆಸ್ಟ್‌ಗೆ ಎಲ್ಲಾ ತಾರೀಕನ್ನೂ 1 ಅಂತ ಮಾಡಿ ಕಳಿಸಿ ನೋಡಿ, ನಿಜವಾದದ್ದು ಆಫೀಸಿನ ಲೈಸೆನ್ಸ್ ಇರುವ ಮಷಿನ್‌ನಲ್ಲಿ ಸರ್ ಹತ್ತಿರ ಕೇಳಿ ಓಡಿಸಿ.

ಅಲ್ಲಿ ಓಡಿಸುವ ಮುಂಚೆ ಮೂರು ನೋಡಿಕೊಳ್ಳಿ. ಲೆಡ್ಜರ್ ಹೆಸರಲ್ಲಿ & ಇದ್ದರೆ (ಜವಳಿ ಅಂಗಡಿಗಳೆಲ್ಲ ‘& ಸನ್ಸ್’) ಎಕ್ಸ್‌ಎಂಎಲ್ ಮುರಿಯುತ್ತದೆ, ಎಸ್ಕೇಪ್ ಮಾಡಿ (ಅದರ ಬದಲು ಎಕ್ಸ್‌ಎಂಎಲ್ ಒಪ್ಪುವ ಸಂಕೇತ ಹಾಕಿ) ಕಳಿಸಬೇಕು. ಡೆಬಿಟ್ ಮೊತ್ತ ಮೈನಸ್‌ನಲ್ಲಿ ಹೋಗಬೇಕು, ಕ್ರೆಡಿಟ್ ಪ್ಲಸ್. ನಮ್ಮ ರೂಢಿಗೆ ಇದು ಉಲ್ಟಾ ಅನ್ನಿಸುತ್ತದೆ. ಇನ್ನು ಒಂದೇ ಫೈಲ್ ಎರಡು ಸಲ ಕಳಿಸಿದರೆ ಎಂಟ್ರಿಗಳೂ ಎರಡೆರಡು ಸಲ ಹತ್ತಿಬಿಡಬಹುದು, ನಿಮ್ಮ ಸ್ಕ್ರಿಪ್ಟ್ ಕಳಿಸಿದವುಗಳ ಪಟ್ಟಿ ಇಟ್ಟುಕೊಳ್ಳಲಿ. ಕ್ಲೈಂಟ್ ಕಂಪನಿಗೆ ನೇರ ಕೈ ಹಾಕಬೇಡಿ. ಬ್ಯಾಕಪ್ ತೆಗೆದು, ಅದನ್ನು ಬೇರೆ ಫೋಲ್ಡರ್‌ನಲ್ಲಿ ರೀಸ್ಟೋರ್ ಮಾಡಿ, ಅದರಲ್ಲಿ ಒಂದು ತಿಂಗಳು ಹತ್ತಿಸಿ. ಬ್ಯಾಂಕ್ ಲೆಡ್ಜರ್‌ನ ಕ್ಲೋಸಿಂಗ್ ಸ್ಟೇಟ್‌ಮೆಂಟ್‌ಗೆ ಹೊಂದಿದರೆ ಇಲ್ಲಿ ಬರೆಯಿರಿ, ರೇಟ್ ಎಷ್ಟು ಹೇಳಬೇಕು ಅಂತ ಆಮೇಲೆ ಮಾತಾಡೋಣ.